ಒಡಿಸ್ಸಿಯಲ್ಲಿ ಏಜಾಕ್ಸ್ ಎರಡು ಸಲ ಸಾಯುತ್ತಾನಾ? ಒಂದೇ ಹೆಸರಿನ ಗ್ರೀಕರನ್ನು ಗುರುತಿಡೋದು ಹೇಗೆ?

ಶರಾವತಿ_ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಮ್ಮನಿಗೆ ಕಣ್ಣು ಮಂಜಾಗಿದೆ, ಓದೋಕೆ ಆಗಲ್ಲ. ಕಥೆ ಕೇಳುವ ಆಸೆ ಮಾತ್ರ ಸ್ವಲ್ಪವೂ ಕಡಿಮೆಯಾಗಿಲ್ಲ. ಹಾಗಾಗಿ ರಾತ್ರಿ ಊಟ ಆದ ಮೇಲೆ ನಾನು ಗ್ರೀಕ್ ಕವಿ ಹೋಮರ್‌ನ ಒಡಿಸ್ಸಿ ಕಾವ್ಯವನ್ನು ಇಂಗ್ಲಿಷಿನಲ್ಲಿ ಓದಿಕೊಳ್ಳುತ್ತಾ ಅವರಿಗೆ ಕನ್ನಡದಲ್ಲಿ ಹೇಳುತ್ತಾ ಬಂದಿದ್ದೇನೆ. ಈಗ 11ನೇ ಸರ್ಗ ಮುಗಿಯಿತು. ಒಡಿಸ್ಯೂಸ್ ಸತ್ತವರ ಲೋಕಕ್ಕೆ ಹೋಗಿ ಬರುವ ಭಾಗ.

ಅಲ್ಲಿ ಟ್ರಾಯ್ ಯುದ್ಧದಲ್ಲಿ ಅವನ ಜೊತೆ ಹೋರಾಡಿದ ಗ್ರೀಕ್ ವೀರ ಏಜಾಕ್ಸ್‌ನ ಆತ್ಮ ಕಾಣಿಸುತ್ತದೆ. ಅಕಿಲೀಸ್ ಸತ್ತ ಮೇಲೆ ಅವನ ಆಯುಧಗಳು ತನಗೆ ಬರಲಿಲ್ಲ, ಒಡಿಸ್ಯೂಸ್‌ಗೆ ಹೋದವು ಅನ್ನುವ ಸಿಟ್ಟು ಅವನಿಗೆ ಸತ್ತ ಮೇಲೂ ಇಳಿದಿಲ್ಲ. ಒಡಿಸ್ಯೂಸ್ ಎಷ್ಟು ಬೇಡಿಕೊಂಡರೂ ಒಂದು ಮಾತೂ ಆಡದೆ ಹೊರಟುಹೋಗುತ್ತಾನೆ. ಅದನ್ನು ಹೇಳುವಾಗ ನನಗೇ ಗಂಟಲು ಕಟ್ಟಿತು. ಚಿಕ್ಕಮ್ಮ ತಟ್ಟನೆ ಕೇಳಿದರು: "ಅಲ್ವೇ ಪುಟ್ಟಿ, ಇವನು ಆವತ್ತೇ ಸಮುದ್ರದಲ್ಲಿ ಮುಳುಗಿ ಸತ್ತನಲ್ಲೇ? ದೇವರಿಗೇ ಸವಾಲು ಹಾಕಿ?"

ಹಿಂದೆ ತಿರುವಿ ನೋಡಿದೆ. ಹೌದು! 4ನೇ ಸರ್ಗದಲ್ಲಿ ಸಮುದ್ರದ ಮುದುಕ ಪ್ರೋಟಿಯಸ್ ಮೆನೆಲಾಸ್‌ಗೆ ಈ ಸುದ್ದಿ ಹೇಳುತ್ತಾನೆ. ಏಜಾಕ್ಸ್ ಬಂಡೆ ಹತ್ತಿ ಜೀವ ಉಳಿಸಿಕೊಂಡ, "ದೇವರುಗಳಿಗೆ ಬೇಡವಾದರೂ ನಾನು ಪಾರಾದೆ" ಅಂತ ಜಂಬ ಕೊಚ್ಚಿದ, ಸಮುದ್ರದೇವ ಪೊಸೈಡನ್ ತ್ರಿಶೂಲದಿಂದ ಆ ಬಂಡೆಯನ್ನೇ ಸೀಳಿದ, ಉಪ್ಪುನೀರು ಕುಡಿದು ಸತ್ತ. ಗ್ರೀಕ್ ನಾಟಕಕಾರ ಸೋಫೋಕ್ಲೀಸ್‌ನ 'ಏಜಾಕ್ಸ್' ನಾಟಕದಲ್ಲಿ ನೋಡಿದರೆ ತನ್ನ ಕತ್ತಿಯ ಮೇಲೆ ತಾನೇ ಬಿದ್ದು ಸಾಯುತ್ತಾನೆ.

ಇನ್ನೊಂದು. ಯೂರಿಡಿಸಿ ಅಂದರೆ ಆರ್ಫಿಯಸ್‌ನ ಹೆಂಡತಿ ಅಂತ ಗೊತ್ತಿತ್ತು. ಆಂಟಿಗೊನಿ ನಾಟಕದಲ್ಲಿ ಕ್ರಿಯಾನ್ ದೊರೆಯ ಹೆಂಡತಿಯ ಹೆಸರೂ ಅದೇ. ಒಡಿಸ್ಸಿಯ 3ನೇ ಸರ್ಗದಲ್ಲಿ ಮುದುಕ ನೆಸ್ಟರ್‌ನ ಹೆಂಡತಿಯೂ ಯೂರಿಡಿಸಿ. ಗಟ್ಟಿಯಾಗಿ ಓದಿ ಹೇಳುವಾಗ ಇವರನ್ನೆಲ್ಲ ಬೇರೆ ಬೇರೆ ಇಡೋಕೆ ಏನಾದರೂ ದಾರಿ ಇದೆಯಾ?

ನಿವೃತ್ತ_ಲೆಕ್ಕಿಗ

ಮೇಡಂ, ನಿಮ್ಮ ಚಿಕ್ಕಮ್ಮನ ಕಿವಿಗೆ ದೊಡ್ಡ ನಮಸ್ಕಾರ. ಹಿಡಿಯಬೇಕಾದ ಜಾಗದಲ್ಲೇ ಹಿಡಿದಿದ್ದಾರೆ. ಏಜಾಕ್ಸ್ ಇಬ್ಬರು. ಇಬ್ಬರೂ ಟ್ರಾಯ್‌ಗೆ ಹೋದವರು, ಒಂದೇ ಸೇನೆ, ಎಷ್ಟೋ ಸಲ ಅಕ್ಕಪಕ್ಕ ನಿಂತು ಕಾದವರು. ಸಾವು ಮಾತ್ರ ಬೇರೆ ಬೇರೆ.

ನಾನು ಗ್ರಾಮ ಲೆಕ್ಕಿಗನಾಗಿ ಕೆಲಸ ಮಾಡಿದವನು. ಒಂದೇ ಊರಿನ ಪಹಣಿಯಲ್ಲಿ ಮೂರು ನಾಲ್ಕು ಬಸಪ್ಪ ಇದ್ದರೆ ನಮ್ಮಲ್ಲಿ ಯಾರೂ ಗಾಬರಿಯಾಗುವುದಿಲ್ಲ. 'ಬಸಪ್ಪ ಬಿನ್ ಸಿದ್ದಪ್ಪ', 'ಬಸಪ್ಪ ಬಿನ್ ಮಲ್ಲಪ್ಪ' ಅಂತ ಬರೆದರೆ ಮುಗಿಯಿತು. ಮದುವೆಯಾದ ಹೆಂಗಸರಾದರೆ 'ಕೋಂ' ಅಂತ ಗಂಡನ ಹೆಸರು. ಹೋಮರ್ ಮಾಡುವುದೂ ಇದನ್ನೇ. ನಾನು ಗ್ರೀಕ್ ಕಥೆ ಓದಲು ಶುರು ಮಾಡಿದಾಗ ಒಂದು ಹಳೇ ಲೆಡ್ಜರ್‌ನಲ್ಲಿ ನಾಲ್ಕು ಕಾಲಂ ಹಾಕಿಕೊಂಡೆ: ಹೆಸರು, ಬಿನ್ ಅಥವಾ ಕೋಂ, ಊರು, ಸಾವು. ನಿಮ್ಮವರು ಅದರಲ್ಲಿ ಹೀಗಿದ್ದಾರೆ: ಏಜಾಕ್ಸ್ ಬಿನ್ ಟೆಲಮನ್, ಸಲಾಮಿಸ್ ದ್ವೀಪ, ಕತ್ತಿ. ಏಜಾಕ್ಸ್ ಬಿನ್ ಒಯಿಲಿಯಸ್, ಲೋಕ್ರಿಸ್, ಸಮುದ್ರ.

ಟೆಲಮನ್‌ನ ಮಗ ದೊಡ್ಡಾಳು. ಅಕಿಲೀಸ್ ಬಿಟ್ಟರೆ ಗ್ರೀಕರ ಕಡೆ ಅವನಷ್ಟು ಗಟ್ಟಿ ಯೋಧ ಇನ್ನೊಬ್ಬನಿಲ್ಲ. ಅವನ ಗುರಾಣಿ ನೋಡಿ: ಏಳು ಪದರ ಎತ್ತಿನ ಚರ್ಮ, ಮೇಲೆ ಎಂಟನೆಯದಾಗಿ ಕಂಚಿನ ತಗಡು. ಮಾಡಿದವನು ಟಿಕಿಯಸ್ ಅನ್ನುವ ಚರ್ಮದ ಕೆಲಸದವನು. ಅವನ ಹೆಸರನ್ನೂ ಹೋಮರ್ ಬಿಟ್ಟಿಲ್ಲ. ಟ್ರಾಯ್ ಯುದ್ಧದ ಬಗ್ಗೆ ಹೋಮರ್ ಹಾಡಿದ ಇಲಿಯಡ್‌ನ 7ನೇ ಸರ್ಗದಲ್ಲಿ ಟ್ರಾಯ್‌ನ ವೀರ ಹೆಕ್ಟರ್‌ಗೂ ಇವನಿಗೂ ಒಂಟಿ ಕಾಳಗ ನಡೆಯುತ್ತದೆ. ಹೆಕ್ಟರ್‌ನ ಈಟಿ ಆರು ಪದರ ಸೀಳಿಕೊಂಡು ಹೋಗಿ ಏಳನೆಯದರಲ್ಲಿ ನಿಲ್ಲುತ್ತದೆ. ಕತ್ತಲಾಯಿತು ಅಂತ ಇಬ್ಬರನ್ನೂ ಬಿಡಿಸುತ್ತಾರೆ. ಬೇರೆಯಾಗುವ ಮುಂಚೆ ಒಬ್ಬರಿಗೊಬ್ಬರು ಉಡುಗೊರೆ ಕೊಡುತ್ತಾರೆ. ಏಜಾಕ್ಸ್ ಕೊಟ್ಟದ್ದು ಸೊಂಟಪಟ್ಟಿ, ಹೆಕ್ಟರ್ ಕೊಟ್ಟದ್ದು ಕತ್ತಿ. ನೀವು ಓದಿದ ಸೋಫೋಕ್ಲೀಸ್ ನಾಟಕದಲ್ಲಿ ಅವನು ನೆಲಕ್ಕೆ ನೆಟ್ಟು ಮೇಲೆ ಬೀಳುವುದು ಅದೇ ಕತ್ತಿ. ಈ ಒಂದು ಎಳೆ ಸಿಕ್ಕರೆ ಸಾಕು, ಇವನನ್ನು ಇನ್ನೊಬ್ಬನ ಜೊತೆ ಬೆರೆಸೋಕೆ ಮನಸ್ಸೇ ಬರುವುದಿಲ್ಲ.

ಒಯಿಲಿಯಸ್‌ನ ಮಗ ಸಣ್ಣಾಳು. ನಾರುಬಟ್ಟೆಯ ಕವಚ, ಈಟಿ ಎಸೆಯುವುದರಲ್ಲಿ ನಿಸ್ಸೀಮ, ಓಟದಲ್ಲಿ ಬಲು ಚುರುಕು. ಇಲಿಯಡ್‌ನ 23ನೇ ಸರ್ಗದ ಓಟದ ಪಂದ್ಯದಲ್ಲಿ ಇವನೇ ಮುಂದಿದ್ದ. ಒಡಿಸ್ಯೂಸ್ ಗೆಲ್ಲಲಿ ಅಂತ ಅಥೀನಾ ದೇವತೆ ಇವನ ಕಾಲು ಜಾರಿಸುತ್ತಾಳೆ. ಬಲಿ ಕೊಟ್ಟ ಎತ್ತುಗಳ ಸಗಣಿಯ ಮೇಲೆ ಮುಖ ಅಡಿಯಾಗಿ ಬೀಳುತ್ತಾನೆ, ಬಾಯಿ ಮೂಗಿಗೆಲ್ಲ ಸಗಣಿ. ಮುಂದೆ ಟ್ರಾಯ್ ಬಿದ್ದ ರಾತ್ರಿ ಇವನು ಮಾಡಿದ್ದು ಘೋರ. ಅಥೀನಾ ಗುಡಿಯಲ್ಲಿ ಮೂರ್ತಿ ಹಿಡಿದು ಕೂತಿದ್ದ ಟ್ರಾಯ್ ರಾಜಕುಮಾರಿ ಕಸ್ಸಾಂಡ್ರಾಳನ್ನು ಎಳೆದುಕೊಂಡು ಬಂದ.

ಈಗ ನಿಮ್ಮ ಪುಸ್ತಕದ ಆ ಎರಡು ಜಾಗ ಮತ್ತೆ ನೋಡಿ. 11ನೇ ಸರ್ಗದಲ್ಲಿ 'ಟೆಲಮನ್‌ನ ಮಗ' ಅಂತ ಸ್ಪಷ್ಟವಾಗಿ ಇರುತ್ತದೆ. 4ನೇ ಸರ್ಗದಲ್ಲಿ ಅಪ್ಪನ ಹೆಸರಿಲ್ಲ, ಬರೀ ಏಜಾಕ್ಸ್. ಚಿಕ್ಕಮ್ಮನಿಗೆ ತೊಡಕಾದದ್ದು ಅದರಿಂದಲೇ. ಆದರೆ ಅಲ್ಲೇ ಪಕ್ಕದಲ್ಲಿ 'ಅಥೀನಾಗೆ ಬೇಡವಾದವನು' ಅನ್ನುವ ಮಾತಿದೆ. ಕೇಳುತ್ತಿದ್ದವರಿಗೆ ಅಷ್ಟು ಸಾಕಾಗಿತ್ತು. ಆ ಮಾತು ಬಂದ ಕೂಡಲೇ ಲೋಕ್ರಿಸ್‌ನವನು ಅಂತ ಅವರಿಗೆ ತಿಳಿಯುತ್ತಿತ್ತು.

ನನಗೆ ಇದು ಸಣ್ಣ ವಿಷಯ ಅಲ್ಲ. ಗುರುತು ತಪ್ಪಿದರೆ ಒಬ್ಬನ ಪಾಪ ಇನ್ನೊಬ್ಬನ ತಲೆಗೆ ಬರುತ್ತದೆ. ಲೋಕ್ರಿಸ್‌ನ ಜನ ತಮ್ಮ ಏಜಾಕ್ಸ್ ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಇಬ್ಬಿಬ್ಬರು ಹುಡುಗಿಯರನ್ನು ಟ್ರಾಯ್‌ನ ಅಥೀನಾ ಗುಡಿಯ ಸೇವೆಗೆ ಕಳಿಸುತ್ತಿದ್ದರು. 1000 ವರ್ಷ ಕಳಿಸಬೇಕು ಅಂತ ದೈವವಾಣಿ ಆಗಿತ್ತಂತೆ. ಯಾವನೋ ಮಾಡಿದ್ದಕ್ಕೆ ಯಾರದೋ ಮನೆಯ ಮಕ್ಕಳು! ಸಲಾಮಿಸ್‌ನ ಏಜಾಕ್ಸ್ ಕಥೆ ಬೇರೆಯೇ. ಅಥೆನ್ಸ್‌ನ ಹತ್ತು ಕುಲಗಳಲ್ಲಿ ಒಂದಕ್ಕೆ ಅವನ ಹೆಸರಿಟ್ಟಿದ್ದರು. ಕ್ರಿ.ಪೂ. 480ರಲ್ಲಿ ಪರ್ಷಿಯನ್ನರ ಹಡಗುಪಡೆ ಎದುರಿಗೆ ಬಂದು ನಿಂತಾಗ ಗ್ರೀಕರು ಅವನನ್ನೂ ಅವನಪ್ಪ ಟೆಲಮನ್‌ನನ್ನೂ ಸಹಾಯಕ್ಕೆ ಕರೆದರು ಅಂತ ಹೆರೊಡೋಟಸ್ ಬರೆದಿದ್ದಾನೆ.

ಯೂರಿಡಿಸಿಯರನ್ನು ಬೇರೆ ಮಾಡುವುದು ಸುಲಭ. ಯೂರಿಡಿಸಿ ಕೋಂ ಆರ್ಫಿಯಸ್, ಹಾವು ಕಚ್ಚಿ ಸತ್ತಳು. ಯೂರಿಡಿಸಿ ಕೋಂ ಕ್ರಿಯಾನ್, ಥೀಬ್ಸ್, ಮಗ ಹೀಮನ್ ಸತ್ತ ಸುದ್ದಿ ಕೇಳಿ ತಾನೂ ಪ್ರಾಣ ಬಿಟ್ಟಳು. ನೆಸ್ಟರ್‌ನ ಹೆಂಡತಿ ಬಂದ ಕಡೆ ಹೋಮರ್ 'ಕ್ಲಿಮೆನಸ್‌ನ ಹಿರಿಮಗಳು' ಅಂತ ಅಪ್ಪನ ಹೆಸರನ್ನೂ ಸೇರಿಸಿಯೇ ಹೇಳುತ್ತಾನೆ. ಕ್ರಿಯಾನ್‌ಗಳೂ ಇಬ್ಬರು. ಮೀಡಿಯಾ ಕಥೆಯಲ್ಲಿ ಬರುವವನು ಕಾರಿಂಥ್‌ನ ದೊರೆ, ಥೀಬ್ಸ್‌ನವನಲ್ಲ.

ರಂಗದ_ಹಿಂಬದಿ

ಏಜಾಕ್ಸ್ ನಾಟಕದ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನಾನು ಹವ್ಯಾಸಿ ತಂಡದಲ್ಲಿ ಬೆಳಕು ಮಾಡುವವನು. ಬಿ.ಎಂ.ಶ್ರೀಯವರು ಇದೇ ನಾಟಕವನ್ನು ಕನ್ನಡಕ್ಕೆ ತಂದಾಗ ಏಜಾಕ್ಸ್ ಜಾಗದಲ್ಲಿ ಅಶ್ವತ್ಥಾಮನನ್ನು ನಿಲ್ಲಿಸಿದರು. ಅದೇ 'ಅಶ್ವತ್ಥಾಮನ್'. ಹಳಗನ್ನಡದ ಮಾತು, ಗ್ರೀಕ್ ನಾಟಕದ ಕಟ್ಟು.

ಒಂದೇ ಹೆಸರಿನ ಚರ್ಚೆಯಲ್ಲಿ ಈ ಆಯ್ಕೆ ನೋಡಿದರೆ ಮೈ ಜುಂ ಅನ್ನುತ್ತದೆ. ಅಶ್ವತ್ಥಾಮನ ಬದುಕು ಕೆಟ್ಟದ್ದೇ ಹೆಸರಿನಿಂದ ಅಲ್ವಾ? ಮಾಳವ ದೇಶದ ರಾಜನ ಆನೆಗೂ ಅದೇ ಹೆಸರು. ಭೀಮ ಆನೆಯನ್ನು ಕೊಂದು 'ಅಶ್ವತ್ಥಾಮ ಸತ್ತ' ಅಂತ ಕೂಗಿದ. ಧರ್ಮರಾಯ ಆನೆ ಅನ್ನುವ ಮಾತನ್ನು ಮೆಲ್ಲಗೆ ಅಂದ. ದ್ರೋಣ ಬಿಲ್ಲು ಕೆಳಗಿಟ್ಟ. ಅಪ್ಪನ ಕೊಲೆಗೆ ಮಗನ ಹೆಸರೇ ಹತ್ಯಾರವಾಯಿತು.

ಏಜಾಕ್ಸ್‌ಗೂ ಅಶ್ವತ್ಥಾಮನಿಗೂ ಇರುವ ನಂಟು ಮುಖ್ಯವಾಗಿ ಆ ರಾತ್ರಿಯ ದಾಳಿ. ಏಜಾಕ್ಸ್ ಗ್ರೀಕ್ ನಾಯಕರನ್ನು ಕೊಲ್ಲೋಕೆ ಹೊರಟವನು, ಅಥೀನಾ ಕವಿಸಿದ ಹುಚ್ಚಿನಲ್ಲಿ ದನಕುರಿಗಳನ್ನು ಕಡಿದುಹಾಕುತ್ತಾನೆ. ಬೆಳಗಾದ ಮೇಲೆ ಬುದ್ಧಿ ತಿಳಿಯಾಗಿ ಸತ್ತ ದನಗಳ ನಡುವೆ ಕೂತಿರುತ್ತಾನೆ. ಆ ದೃಶ್ಯಕ್ಕೆ ಜಾಸ್ತಿ ಬೆಳಕು ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ಅವನ ಹೆಣ ಹೂಳಬಾರದು ಅಂತ ಮೆನೆಲಾಸ್, ಅಗಮೆಮ್ನಾನ್ ಹಟ ಹಿಡಿದಾಗ ಅವನ ಪರ ನಿಂತು ಮಾತಾಡುವವನು ಒಡಿಸ್ಯೂಸ್, ಅವನ ಕಡುವೈರಿ. ಮೇಡಂ, ನಿಮ್ಮ ಚಿಕ್ಕಮ್ಮನಿಗೆ ಇದನ್ನೂ ಹೇಳಿ. 11ನೇ ಸರ್ಗದಲ್ಲಿ ಒಡಿಸ್ಯೂಸ್ ಬೇಡಿಕೊಳ್ಳುವುದು ಬಾಯಿಮಾತಲ್ಲ ಅಂತ ಅವರಿಗೆ ಅನಿಸುತ್ತದೆ.

ಕುಕ್ಕರಹಳ್ಳಿ_ಕೆರೆ

ಲೆಕ್ಕಿಗ ಸರ್, ನಿಮ್ಮ ಬಿನ್ ಲೆಕ್ಕ ಇಷ್ಟವಾಯಿತು. ಆದರೆ ಅದು ಎಲ್ಲ ಕಡೆಯೂ ನಡೆಯುವುದಿಲ್ಲ. ಅಟಲಾಂಟಾಳನ್ನು ಯಾವ ಸಾಲಿಗೆ ಬರೆಯುತ್ತೀರಿ?

ಆರ್ಕೇಡಿಯಾದ ಅಟಲಾಂಟಾ ಬೇಟೆಗಾತಿ. ಗಂಡುಮಗು ಬೇಕಿದ್ದ ಅಪ್ಪ ಕಾಡಿಗೆ ಎಸೆದ, ಕರಡಿ ಹಾಲೂಡಿಸಿತು. ಕ್ಯಾಲಿಡನ್‌ನ ಕಾಡುಹಂದಿಗೆ ಮೊದಲ ಬಾಣ ಹೊಡೆದು ರಕ್ತ ಬರಿಸಿದವಳು ಇವಳೇ. ಅಪ್ಪ ಇಯಾಸಸ್. ಬಿಯೋಷಿಯಾದ ಅಟಲಾಂಟಾ ಓಟಗಾರ್ತಿ. ಸೋತವನನ್ನು ಕೊಲ್ಲುವ ಷರತ್ತು ಹಾಕಿ ವರಗಳ ಜೊತೆ ಓಡುತ್ತಿದ್ದಳು, ಮೂರು ಚಿನ್ನದ ಸೇಬು ಆಯ್ದುಕೊಳ್ಳಲು ಹೋಗಿ ಸೋತಳು. ಅಪ್ಪ ಸ್ಕೀನಿಯಸ್, ಗೆದ್ದವನು ಹಿಪ್ಪೊಮೆನಿಸ್.

ನಿಮ್ಮ ಪ್ರಕಾರ ಅಪ್ಪ ಬೇರೆ, ಊರು ಬೇರೆ, ಗಂಡ ಬೇರೆ. ಅಂದರೆ ಇಬ್ಬರು. ಆದರೆ ಅಪೊಲೊಡೋರಸ್ ಹೆಸರಿನಲ್ಲಿ ಬಂದಿರುವ ಪುರಾಣ ಸಂಗ್ರಹ ತೆಗೆದು ನೋಡಿ. ಕರಡಿ, ಹಂದಿ, ಓಟ, ಸೇಬು ಎಲ್ಲವೂ ಒಬ್ಬಳದೇ ಕಥೆ. ಓಟ ಗೆದ್ದವನ ಹೆಸರು ಮಾತ್ರ ಮೆಲಾನಿಯನ್. ಕೊನೆಗೆ ಅಪೊಲೊಡೋರಸ್‌ನೇ ಸೇರಿಸುತ್ತಾನೆ: ಹೆಸಿಯಡ್ ಇವಳ ಅಪ್ಪ ಸ್ಕೀನಿಯಸ್ ಅನ್ನುತ್ತಾನೆ, ಯೂರಿಪಿಡೀಸ್ ಇನ್ನೊಬ್ಬನ ಹೆಸರು ಹೇಳುತ್ತಾನೆ ಅಂತ. ಅಂದರೆ ಒಬ್ಬಳೇ ಹುಡುಗಿ, ಮೂವರು ಅಪ್ಪಂದಿರು. ರೋಮನ್ ಕವಿ ಓವಿಡ್ ತನ್ನ ಮೆಟಮಾರ್ಫಸಿಸ್ ಕಾವ್ಯದಲ್ಲಿ ಹಂದಿಯ ಕಥೆಯನ್ನು 8ನೇ ಪುಸ್ತಕದಲ್ಲಿ ಹೇಳುತ್ತಾನೆ, ಓಟದ ಕಥೆಯನ್ನು 10ನೆಯದರಲ್ಲಿ. ಎರಡನ್ನೂ ಜೋಡಿಸಲು ಹೋಗುವುದಿಲ್ಲ.

ನನಗೆ ಅನಿಸುವುದು, ಇವಳು ಮೊದಲು ಒಬ್ಬಳೇ. ಕಾಲಿಗೆ ಚುರುಕಾದ, ಮದುವೆ ಒಲ್ಲದ ಕಾಡಿನ ಹುಡುಗಿ. ಎರಡು ಸೀಮೆಯವರು ಇವಳು ನಮ್ಮವಳು ಅಂದರು, ತಮ್ಮ ತಮ್ಮ ರಾಜರನ್ನು ಅಪ್ಪನ ಜಾಗದಲ್ಲಿ ಕೂರಿಸಿದರು. ಅಪ್ಪಂದಿರು ಎಷ್ಟು ಅಂತ ಎಣಿಸಿ ಹೆಣ್ಣುಮಕ್ಕಳನ್ನು ಎರಡು ಮಾಡಬಾರದು.

ಏಜಾಕ್ಸ್ ವಿಷಯದಲ್ಲೂ ಒಂದು ಮಾತು. ಇಲಿಯಡ್‌ನಲ್ಲಿ 'ಇಬ್ಬರು ಏಜಾಕ್ಸ್' ಅಂತ ಬರುವ ಕಡೆಗಳಲ್ಲಿ, ಹಳೆಯ ಹಾಡಿನಲ್ಲಿ ಅದು 'ಏಜಾಕ್ಸ್ ಮತ್ತು ಅವನ ತಮ್ಮ ಟ್ಯೂಸರ್' ಅಂತ ಇದ್ದಿರಬಹುದು ಎಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಆ ಕಾಲದ ವ್ಯಾಕರಣದಲ್ಲಿ ಹಾಗೆ ಜೋಡಿಯನ್ನು ಒಬ್ಬನ ಹೆಸರಿನಲ್ಲೇ ಹೇಳುವ ರೂಢಿ ಇತ್ತಂತೆ.

ನಿವೃತ್ತ_ಲೆಕ್ಕಿಗ

ಕುಕ್ಕರಹಳ್ಳಿಯವರೇ, ಒಳ್ಳೆಯ ತಕರಾರು. ಅಟಲಾಂಟಾ ನನ್ನ ಲೆಡ್ಜರ್‌ನಲ್ಲಿ ಒಂದೇ ಸಾಲಿನಲ್ಲಿದ್ದಾಳೆ, ಬಿನ್ ಕಾಲಂನಲ್ಲಿ ಮೂರು ಹೆಸರು. ಅದನ್ನು ತಿದ್ದುವ ಅಧಿಕಾರ ನನಗಿಲ್ಲ. ಹಳಬರೇ ತೀರ್ಮಾನ ಮಾಡದೆ ಬಿಟ್ಟದ್ದನ್ನು ನಾವು ಸುಮ್ನೆ ನೇರ ಮಾಡಲು ಹೋಗಬಾರದು.

ತದ್ವಿರುದ್ಧವೂ ಉಂಟು. ಒಬ್ಬನನ್ನೇ ಇಬ್ಬರನ್ನಾಗಿ ಮಾಡಿದ್ದು. ಕ್ರೀಟ್‌ನ ಮಿನೋಸ್ ನೋಡಿ. ಮೇಡಂ ಈಗ ತಾನೇ ಮುಗಿಸಿದ 11ನೇ ಸರ್ಗದಲ್ಲೇ ಅವನು ಎರಡು ಕಡೆ ಬರುತ್ತಾನೆ. ಒಂದು ಕಡೆ ಅರಿಯಾಡ್ನೆಯ ಅಪ್ಪ, ಮನಸ್ಸಿನಲ್ಲಿ ಕೇಡು ತುಂಬಿದವನು. ಸ್ವಲ್ಪ ಮುಂದೆ ಹೋದರೆ ಚಿನ್ನದ ದಂಡ ಹಿಡಿದು ಸತ್ತವರಿಗೆ ನ್ಯಾಯ ಹೇಳುವ ಜ್ಯೂಸ್‌ನ ಮಗ. ಅಥೆನ್ಸ್‌ನಿಂದ ಏಳು ಹುಡುಗರು, ಏಳು ಹುಡುಗಿಯರನ್ನು ತರಿಸಿ ಗೂಳಿತಲೆಯ ರಾಕ್ಷಸ ಮಿನೊಟಾರ್‌ಗೆ ಹಾಕಿದವನು ನ್ಯಾಯಾಧೀಶ ಹೇಗಾದ? ಈ ಕಸಿವಿಸಿ ಹಳೆಯ ಗ್ರೀಕರಿಗೂ ಇತ್ತು. ಇತಿಹಾಸಕಾರ ಡಿಯೊಡೊರಸ್ ಇಬ್ಬರು ಮಿನೋಸ್ ಅಂದುಬಿಟ್ಟ. ಮೊದಲನೆಯವನು ಜ್ಯೂಸ್ ಮತ್ತು ಯುರೋಪಾಳ ಮಗ. ಅವನ ಮಗ ಲಿಕಾಸ್ಟಸ್. ಲಿಕಾಸ್ಟಸ್‌ನ ಮಗ ಎರಡನೇ ಮಿನೋಸ್, ಮಿನೊಟಾರ್ ಕಥೆಯವನು. ಅಥೆನ್ಸ್‌ನ ರಾಜರ ಪಟ್ಟಿಯಲ್ಲೂ ಸೆಕ್ರಾಪ್ಸ್ ಇಬ್ಬರು, ಪಾಂಡಿಯನ್ ಇಬ್ಬರು. ಕಾಲ ಸರಿಹೊಂದಿಸಲು ಆಮೇಲೆ ಸೇರಿಸಿದ್ದು ಅಂತ ಓದಿದವರು ಹೇಳುತ್ತಾರೆ.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ನಾಕ್ಸೋಸ್ ದ್ವೀಪದ ಮಾತು. ಗ್ರೀಕ್ ಲೇಖಕ ಪ್ಲೂಟಾರ್ಕ್ ಅಥೆನ್ಸ್‌ನ ವೀರ ಥೀಸಿಯಸ್‌ನ ಚರಿತ್ರೆಯಲ್ಲಿ ಬರೆದಿದ್ದಾನೆ. ಅಲ್ಲಿನ ಜನ ಮಿನೋಸ್ ಇಬ್ಬರು, ಅರಿಯಾಡ್ನೆಯೂ ಇಬ್ಬರು ಅನ್ನುತ್ತಿದ್ದರಂತೆ. ಮೊದಲನೆಯವಳು ಡಯೊನಿಸಸ್ ದೇವರನ್ನು ಮದುವೆಯಾದವಳು. ಎರಡನೆಯವಳನ್ನು ಥೀಸಿಯಸ್ ಕರೆದುಕೊಂಡು ಹೋಗಿ ಕೈಬಿಟ್ಟ. ಅವಳು ತನ್ನ ದಾದಿ ಕೊರ್ಕಿನಿಯ ಜೊತೆ ಇಲ್ಲಿಗೆ ಬಂದು ಇಲ್ಲೇ ತೀರಿಕೊಂಡಳು. ದಾದಿಯ ಸಮಾಧಿಯನ್ನೂ ತೋರಿಸುತ್ತಿದ್ದರು. ಮೊದಲ ಅರಿಯಾಡ್ನೆಗೆ ನಗು ಕುಣಿತದ ಹಬ್ಬ. ಎರಡನೆಯವಳಿಗೆ ಮಾಡುವ ಪೂಜೆಯಲ್ಲಿ ದುಃಖ, ಶೋಕ. ದೇವರ ಹೆಂಡತಿಗೆ ಹಬ್ಬ ಮಾಡುವಾಗ ಕೈಬಿಟ್ಟ ಹುಡುಗಿಯನ್ನು ಅವರು ಮರೆಯಲಿಲ್ಲ. ಇಬ್ಬರು ಅಂತ ಮಾಡಿದ್ದರಿಂದಲೇ ಅದು ಸಾಧ್ಯವಾಯಿತು ಅಂತ ನಾನು ನಂಬಿದ್ದೇನೆ.

ಹಾಂ, ಹಿರಿಯರ ಹೆಸರು ಇಡುವ ರೂಢಿಯೂ ಒಂದು ಕಾರಣ. ಇಲಿಯಡ್‌ನ 6ನೇ ಸರ್ಗದಲ್ಲಿ ಲಿಸಿಯಾದ ಗ್ಲಾಕಸ್ ತನ್ನ ವಂಶ ಹೇಳಿಕೊಳ್ಳುತ್ತಾನೆ: ಸಿಸಿಫಸ್, ಅವನ ಮಗ ಗ್ಲಾಕಸ್, ಅವನ ಮಗ ಬೆಲ್ಲೆರೊಫೋನ್, ಅವನ ಮಗ ಹಿಪ್ಪೊಲೊಕಸ್, ಅವನ ಮಗ ನಾನು. ಮುತ್ತಜ್ಜನ ಹೆಸರು ಮರಿಮಗನಿಗೆ ಬಂದಿದೆ. ಇದನ್ನು ಕೇಳಿಸಿಕೊಳ್ಳುವ ಎದುರಾಳಿ ಡಯೊಮಿಡೀಸ್ ಬಿನ್ ಟೈಡಿಯಸ್. ನಮ್ಮ ಅಜ್ಜಂದಿರು ಸ್ನೇಹಿತರಾಗಿದ್ದರು ಅಂತ ಗೊತ್ತಾಗಿ ಕಾಳಗ ಬಿಟ್ಟು ಕವಚ ಬದಲಾಯಿಸಿಕೊಳ್ಳುತ್ತಾರೆ. ಗ್ಲಾಕಸ್ ಕೊಟ್ಟದ್ದು 100 ಎತ್ತಿನ ಬೆಲೆಯ ಚಿನ್ನದ ಕವಚ, ಪಡೆದದ್ದು 9 ಎತ್ತಿನ ಬೆಲೆಯ ಕಂಚಿನದು. ಇನ್ನೊಬ್ಬ ಡಯೊಮಿಡೀಸ್ ಇದ್ದಾನೆ, ಥ್ರೇಸ್‌ನವನು, ಮನುಷ್ಯರನ್ನು ತಿನ್ನುವ ಕುದುರೆ ಸಾಕಿದ್ದವನು. ಹೆರಾಕ್ಲೀಸ್ ಕೈಯಲ್ಲಿ ಸತ್ತ. ಕುದುರೆಗಳೇ ತಿಂದುಹಾಕಿದ ಗ್ಲಾಕಸ್ ಕೂಡ ಇದ್ದಾನೆ, ಈ ಮುತ್ತಜ್ಜನೇ.

ಶರಾವತಿ_ದಡ

ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಕತ್ತಿಯ ಉಡುಗೊರೆ, ಒಡಿಸ್ಯೂಸ್ ಹೆಣದ ಪರ ನಿಂತದ್ದು, ನಾಕ್ಸೋಸ್‌ನ ಎರಡು ಪೂಜೆ ಎಲ್ಲವನ್ನೂ ಹೇಳಿದೆ. ಚಿಕ್ಕಮ್ಮ ಲೋಕ್ರಿಸ್‌ನ ಹುಡುಗಿಯರ ಬಗ್ಗೆಯೇ ಕೇಳುತ್ತಾ ಇದ್ದರು. ಅವರಿಗೆ ಇನ್ನೆರಡು ಪ್ರಶ್ನೆ. ಇಬ್ಬರು ಏಜಾಕ್ಸ್ ಸತ್ತ ಮೇಲೆ ಎಲ್ಲಾದರೂ ಸೇರಿದರಾ? ಮುಂದಿನ ಸರ್ಗಗಳಲ್ಲಿ ಹೀಗೆ ಕಾಲು ತೊಡರುವ ಹೆಸರು ಯಾವುವು?

ನಿವೃತ್ತ_ಲೆಕ್ಕಿಗ

ಸೇರಿದರು ಮೇಡಂ. ಊರೂರು ಸುತ್ತಿ ಬರೆದ ಗ್ರೀಕ್ ಲೇಖಕ ಪಾಸೇನಿಯಸ್ ಬರೆದಿದ್ದಾನೆ. ಇಟಲಿಯಲ್ಲಿ ನೆಲೆಸಿದ್ದ ಲೋಕ್ರಿಸ್‌ನವರು ಯುದ್ಧಕ್ಕೆ ಹೋಗುವಾಗ ತಮ್ಮ ಏಜಾಕ್ಸ್‌ನನ್ನು ಸಹಾಯಕ್ಕೆ ಕರೆಯುತ್ತಿದ್ದರು. ಅವನು ಮುಂದೆ ನಿಂತಿರುತ್ತಾನೆ ಅಂತ ಅವರ ನಂಬಿಕೆ. ಎದುರಾಳಿ ಊರು ಕ್ರೋಟನ್‌ನ ಸೇನಾಪತಿ ಲಿಯೊನಿಮಸ್ ಅದೇ ಜಾಗಕ್ಕೆ ನುಗ್ಗಿದ, ಎದೆಗೆ ಗಾಯವಾಯಿತು. ಮಾಯುವುದಕ್ಕೆ ಕಪ್ಪು ಸಮುದ್ರದ ಬಿಳಿ ದ್ವೀಪಕ್ಕೆ ಹೋಗು ಅಂತ ಡೆಲ್ಫಿಯಲ್ಲಿ ಹೇಳಿದರು. ವಾಸಿಯಾಗಿ ಬಂದವನು ಅಲ್ಲಿ ಅಕಿಲೀಸ್‌ನನ್ನು, ಇಬ್ಬರು ಏಜಾಕ್ಸ್‌ರನ್ನು, ಪ್ಯಾಟ್ರೊಕ್ಲಸ್‌ನನ್ನು ನೋಡಿದೆ ಅಂದನಂತೆ. ಅಪ್ಪಂದಿರ ಹೆಸರು ಹೇಳಿಯೇ ಇಬ್ಬರನ್ನೂ ಹೆಸರಿಸಿದ್ದಾನೆ.

ಇನ್ನು ಮುಂದಿನ ಸರ್ಗಗಳು. 12ರಲ್ಲಿ ಸ್ಕಿಲ್ಲಾ ಬರುತ್ತಾಳೆ. ಆರು ತಲೆ, ಹನ್ನೆರಡು ಕಾಲಿನ ರಾಕ್ಷಸಿ, ಒಡಿಸ್ಯೂಸ್‌ನ ಆರು ಜನರನ್ನು ಎತ್ತಿಕೊಂಡು ಹೋಗುತ್ತಾಳೆ. ಇನ್ನೊಬ್ಬ ಸ್ಕಿಲ್ಲಾ ಮೆಗಾರಾದ ದೊರೆ ನೀಸಸ್‌ನ ಮಗಳು. ಊರಿಗೆ ಮುತ್ತಿಗೆ ಹಾಕಿದ ಮಿನೋಸ್‌ನ ಮೇಲೆ ಮನಸ್ಸಾಗಿ ಅಪ್ಪನ ತಲೆಯ ನೇರಳೆ ಕೂದಲನ್ನು ಕತ್ತರಿಸಿದವಳು. ಆ ಕೂದಲಲ್ಲೇ ಅವನ ಜೀವ ಇತ್ತು. ವರ್ಜಿಲ್ ತನ್ನ 6ನೇ ಗೋಪಗೀತೆಯಲ್ಲಿ ಇಬ್ಬರನ್ನೂ ಬೆರೆಸಿದ್ದಾನೆ, ನೀಸಸ್‌ನ ಮಗಳನ್ನೇ ರಾಕ್ಷಸಿ ಮಾಡಿದ್ದಾನೆ. ನೀವು ಬೆರೆಸಬೇಡಿ.

ಅದೇ 12ರಲ್ಲಿ ಆರ್ಗೋ ಹಡಗಿನ ಹೆಸರೂ ಬರುತ್ತದೆ. ಅದನ್ನು ಕಟ್ಟಿದವನು ಆರ್ಗಸ್. ನೀವು ಈಗಾಗಲೇ ಓದಿದ ಸರ್ಗಗಳಲ್ಲಿ ಹರ್ಮಿಸ್ ದೇವರನ್ನು 'ಆರ್ಗಸ್‌ನನ್ನು ಕೊಂದವನು' ಅಂತ ಕರೆದಿರುತ್ತಾರೆ. ಆ ಆರ್ಗಸ್ ಮೈತುಂಬ ಕಣ್ಣಿನ ಕಾವಲುಗಾರ, ಹಸುವಾಗಿದ್ದ ಇಯೋಳನ್ನು ಕಾಯುತ್ತಿದ್ದವನು. 17ನೇ ಸರ್ಗದಲ್ಲಿ ಬರುವ ಆರ್ಗಸ್ ಒಡಿಸ್ಯೂಸ್‌ನ ಮುದಿ ನಾಯಿ, ಒಡೆಯನ ಗುರುತು ಹಿಡಿದು ಬಾಲ ಆಡಿಸುವುದು ಅದೇ. ಅಷ್ಟು ಹೊತ್ತಿಗೆ ಚಿಕ್ಕಮ್ಮ ಹರ್ಮಿಸ್‌ನ ಆ ಬಿರುದನ್ನು ಎಷ್ಟೋ ಸಲ ಕೇಳಿರುತ್ತಾರೆ. ಅದಕ್ಕೇ 17ಕ್ಕೆ ಹೋಗುವ ಮುಂಚೆ ಒಂದು ಮಾತು ಹೇಳಿಬಿಡಿ: ಹರ್ಮಿಸ್ ನಾಯಿಯನ್ನು ಕೊಂದವನಲ್ಲ.